ಗೌರಕ್ಕ ಎಣಿಸಿದ ಕಾವು

ಕತ್ತಲೆ ಖೋಲಿಯಿಂದ ಬರುವ ಆ ದನಿಗೆ ನನ್ನ ಕೂಸು ಯಾಕೆ ಅಳು ನಿಲ್ಲಿಸುತ್ತದೆ? ಹೋದ ವರ್ಷ, ಅರವತ್ತೇಳರ ಮಾರ್ಚ್ ತಿಂಗಳಿಡೀ, ಈ ಯೋಚನೆ ನನ್ನನ್ನು ಬಿಡಲಿಲ್ಲ. ಎದೆಗೆ ಹಚ್ಚಿದರೂ ನಿಲ್ಲದ ಅಳು, ತೊಟ್ಟಿಲು ತೂಗಿದರೂ ನಿಲ್ಲದ ಅಳು, ಬಾಗಿಲಿಗೆ ಇಳಿಬಿಟ್ಟ ಕರಿ ಕಂಬಳಿಯ ಆಚೆಯಿಂದ ಗೌರಕ್ಕ ಎಣಿಕೆ ಹಿಡಿದ ಕೂಡಲೇ ನಿಂತುಹೋಗುತ್ತಿತ್ತು. ಏಳು ತಿಂಗಳ ಸುಹಾಸಿನಿ ಕತ್ತು ಹೊರಳಿಸಿ ಆ ಕಂಬಳಿಯನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ, ಪರಿಚಯದವರು ಯಾರೋ ಅದನ್ನು ಸರಿಸಿ ಹೊರಗೆ ಬರಲಿದ್ದಾರೆ ಎಂಬಂತೆ.

ಒಳಗೆ ಗೌರಕ್ಕ ಎಣಿಸುತ್ತಿದ್ದದ್ದು ಸತ್ತ ನಕ್ಷತ್ರವೊಂದರ ಮೈಬಿಸಿಯನ್ನು.

ನಮ್ಮವರು, ಮಹಾಂತಯ್ಯನವರು, ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಸಪ್ತಾಪುರದಲ್ಲಿ ನಮ್ಮ ಬಾಡಿಗೆ ಮನೆ. ಆ ವರ್ಷ ಕೇರಳದ ಕಡಲ ದಂಡೆಯಿಂದ ಹಾರಿಸಿದ ಒಂದು ರಾಕೆಟ್ಟು ಗಾಳಿಯ ಹೊದಿಕೆಯನ್ನು ದಾಟಿ, ಐದು ನಿಮಿಷ ಮೇಲಿದ್ದು, ಕಡಲಿಗೆ ಬಿದ್ದಿತ್ತು. ಅದರಲ್ಲಿ ಇವರ ವಿಭಾಗದವರು ಮುಂಬಯಿಯ ದೊಡ್ಡವರ ಜೊತೆ ಸೇರಿ ಇಟ್ಟ, ಎಕ್ಸ್-ರೇ ಎಣಿಸುವ ಮೂರು ಉಪಕರಣಗಳಿದ್ದವು. ಆಸ್ಪತ್ರೆಯಲ್ಲಿ ಎಲುಬು ತೋರಿಸುವ ಕಿರಣವೇ ಆಕಾಶದಿಂದಲೂ ಬರುತ್ತದಂತೆ. ಗಾಳಿ ಅದನ್ನು ನೆಲಕ್ಕೆ ಇಳಿಯಗೊಡುವುದಿಲ್ಲವಾದ್ದರಿಂದ ಮೇಲೆ ಹೋಗಿಯೇ ಹಿಡಿಯಬೇಕು.

ಅವರು ನೋಡಿದ್ದು ವೃಶ್ಚಿಕದ ಬಾಲದ ಮೇಲ್ಗಡೆಯ ಒಂದು ಜಾಗವನ್ನು. ಮುನ್ನೂರ ಅರವತ್ತಮೂರು ವರ್ಷದ ಹಿಂದೆ ಅಲ್ಲೊಂದು ನಕ್ಷತ್ರ ಸಿಡಿದು, ಹಗಲಿನಲ್ಲೂ ಕಾಣುವಷ್ಟು ಉರಿದು, ಮರೆಯಾಗಿತ್ತು. ಈಗ ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಆದರೆ ಅಂಥ ಕಡೆ ಒಂದು ಹೆಣ ಉಳಿದಿರಬಹುದು ಎಂದು ಬಲ್ಲವರ ಊಹೆ. ತೂಕ ಸೂರ್ಯನಷ್ಟು, ಅಗಲ ಮಾತ್ರ ಇಲ್ಲಿಂದ ಹುಬ್ಬಳ್ಳಿಯಷ್ಟು. ಅದಕ್ಕೆ ನ್ಯೂಟ್ರಾನ್ ತಾರೆ ಎಂದು ಹೆಸರನ್ನೂ ಇಟ್ಟಿದ್ದರು, ಯಾರೂ ಕಂಡಿರಲಿಲ್ಲ.

“ಇನ್ನೂ ಬಿಸಿ ಇದ್ರ ಎಕ್ಸ್-ರೇ ಬರಬೇಕು,” ಎಂದು ಇವರು ಊಟಕ್ಕೆ ಕೂತಾಗ ಹೇಳಿದರು. “ಎಷ್ಟು ಬಂತು ಅನ್ನೂದರ ಮ್ಯಾಲ ಮೈ ಎಷ್ಟು ಬಿಸಿ ಅಂತ ಹೇಳಬಹುದು.”

“ಬರದೇ ಇದ್ದರೆ?”

“ಬರದಿದ್ರ ಇಷ್ಟಕ್ಕಿಂತ ಹೆಚ್ಚು ಬಿಸಿ ಇರಾಕ ಶಕ್ಯ ಇಲ್ಲ ಅಂತ ಹೇಳಬಹುದು. ಅದೂ ಒಂದು ಉತ್ತರನ.”

ನನಗೆ ಅದು ಉತ್ತರ ಅನ್ನಿಸಲಿಲ್ಲ. ಕೂಸಿನ ಹಣೆಯ ಮೇಲೆ ಕೈ ಇಟ್ಟು ನೋಡಿದೆ. ಅದು ನನಗೆ ಚಟವಾಗಿತ್ತು.

ರಾಕೆಟ್ಟು ಕಳಿಸಿದ ಸಂಜ್ಞೆ ಒಂದು ಉದ್ದನೆಯ ಕಾಗದದ ಸುರುಳಿಯಲ್ಲಿ ಇಳಿದಿತ್ತು. ಶಾಯಿಯಿಂದ ಅಲ್ಲ. ಒಂದು ಸಣ್ಣ ದೀಪದ ಬೆಳಕನ್ನು ಕನ್ನಡಿಯ ಚೂರುಗಳಿಂದ ಕುಣಿಸಿ, ಬೆಳಕಿಗೆ ಕಪ್ಪಾಗುವ ಕಾಗದದ ಮೇಲೆ ಮೂರು ಗೆರೆ ಎಳೆಸಿದ್ದರು, ಒಂದೊಂದು ಉಪಕರಣಕ್ಕೆ ಒಂದೊಂದು. ಎಕ್ಸ್-ರೇಯ ಒಂದು ಹನಿ ಸಿಕ್ಕಿದಾಗಲೊಮ್ಮೆ ಗೆರೆ ಹಲ್ಲಿನಂತೆ ಮೇಲೆದ್ದು ಇಳಿದಿತ್ತು. ಸೆಕೆಂಡಿಗೊಂದು ಅಡ್ಡಗೀಟು ಹಾಕಲು ಬೇರೆಯದೇ ದೀಪವಿತ್ತಂತೆ. ಗೀಟಿನಿಂದ ಗೀಟಿಗೆ ಎಷ್ಟು ಹಲ್ಲು ಎಂದು ಎಣಿಸಬೇಕು. ಕಷ್ಟವೆಂದರೆ, ಬೆಳಕು ಕಂಡಷ್ಟೂ ಆ ಕಾಗದ ಇಡೀ ಕಪ್ಪಾಗುತ್ತ ಹೋಗುವುದು. ಮದ್ದು ಹಾಕಿ ಉಳಿಸಲು ನೋಡಿದ ಒಂದು ತುಂಡು ಕಲೆಯಾಗಿ ಕೆಟ್ಟಿತ್ತು. ಹೀಗಾಗಿ ಕಿಟಕಿಯಿಲ್ಲದ ನಮ್ಮ ಕಾಳಿನ ಖೋಲಿಯಲ್ಲಿ, ಮಂದ ಕೆಂಪು ಬಲ್ಬಿನ ಕೆಳಗೆ, ಒಮ್ಮೆಗೇ ಸರಿಯಾಗಿ ಎಣಿಸುವ ಕಣ್ಣು ಬೇಕಾಗಿತ್ತು.

ಆ ಕಣ್ಣು ಇವರಿಗೆ ಸಿಕ್ಕಿದ್ದು ನನ್ನ ಕುಬಸದ ದಿನ, ನಮ್ಮ ಕಡೆ ಸೀಮಂತ ಎನ್ನುತ್ತಾರಲ್ಲ, ಅದರ ದಿನ.

ಗೌರಕ್ಕ ಹುಬ್ಬಳ್ಳಿಯ ಬಳೆಗಾರರ ಮನೆ ಸೊಸೆ. ಆಗ ನಲವತ್ತೈದರ ಆಚೀಚೆ. ಗಂಡ ಹೋದ ಮೇಲೆ ಧಾರವಾಡಕ್ಕೆ ಬಂದು ನೆಗೆಣ್ಣಿ, ಅಂದರೆ ಓರಗಿತ್ತಿ, ಮುರಿಗೆವ್ವನ ಜೊತೆ ಇದ್ದಳು. ವಿಧವೆಯ ಕೈಯಿಂದ ಮುತ್ತೈದೆಯರು ಬಳೆ ತೊಡುವುದಿಲ್ಲ. ಹತ್ತು ವರ್ಷದ ಹುಡುಗಿಯಿದ್ದಾಗಿನಿಂದ ಕಲಿತ ಕಸುಬು ಒಂದು ದಿನದಲ್ಲಿ ಆಕೆಗೆ ಮುಟ್ಟಬಾರದ್ದಾಗಿತ್ತು. ನನ್ನ ಕುಬಸಕ್ಕೆ ಮುರಿಗೆವ್ವ ಪಡಸಾಲೆಯಲ್ಲಿ ಕೂತು ನನಗೆ ಹಸಿರು ಬಳೆ ಏರಿಸುತ್ತಿದ್ದರೆ, ಗೌರಕ್ಕ ಹೊಸ್ತಿಲಾಚೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಒಮ್ಮೆಲೆ ಅಲ್ಲಿಂದಲೇ ಹೇಳಿದಳು:

“ಮುರಿಗೆವ್ವಾ, ಕೈಯಾಗಿನ ಜೋಡಿಯೊಳಗ ಒಂದು ಬ್ಯಾರೆ ದನಿ ಮಾಡಾಕತ್ತೈತಿ. ತಗದಿಡು.”

ಮುರಿಗೆವ್ವ ಬಳೆಯನ್ನು ಬೆಳಕಿಗೆ ಹಿಡಿದಳು. ಕೂದಲೆಳೆಯಷ್ಟು ಸೀಳಿತ್ತು. ಇವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಹೋಗಿ, ತಾಟಿನಲ್ಲಿ ಒಂದು ಹಿಡಿ ಜೋಳ ಚೆಲ್ಲಿ ತಂದು ಆಕೆಯ ಮುಂದೆ ಇಟ್ಟರು.

“ಎಷ್ಟದಾವ ಹೇಳು ನೋಡೂಣು.”

ಗೌರಕ್ಕ ಒಂದು ಉಸಿರು ಬಿಡುವಷ್ಟು ಹೊತ್ತು ನೋಡಿದಳು. “ನಾಕ ಡಜನ್, ಮ್ಯಾಲ ಏಳು. ಹುಳಾ ಹತ್ತಿದ್ದೊಂದು ಐತ್ರಿ ಅಯ್ಯಾರ, ಅದನ್ನೂ ಹಿಡದು.”

ಇವರು ಎರಡು ಸಲ ಎಣಿಸಿದರು. ಐವತ್ತೈದೇ ಇದ್ದವು.

ಸುರುಳಿ ಬಂದಾಗ ಇವರು ಗೌರಕ್ಕನ ಹೆಸರು ಹೇಳಿದ್ದಕ್ಕೆ ವಿಭಾಗದ ಹಿರಿಯರೊಬ್ಬರು ನಕ್ಕರಂತೆ. ಬಳೆಗಾರ ಹೆಂಗಸು ಎಣಿಸಿದ್ದು ಅಂತ ಮುಂಬಯಿಯಲ್ಲಿ ಹೇಳುತ್ತೀರಾ, ಎಂದರಂತೆ. ಕೊನೆಗೆ ಹೀಗೆ ಒಪ್ಪಂದವಾಯಿತು: ಮಳೆಗಾಲದ ಒಳಗೆ ಇನ್ನೆರಡು ಸುರುಳಿ ಬರಲಿವೆ. ಮೊದಲನೆಯದರ ಎಣಿಕೆ ಸರಿಹೋದರೆ ಗೌರಕ್ಕನನ್ನು ವಿಭಾಗದಲ್ಲೇ ಎಣಿಸುವ ಕೆಲಸಕ್ಕೆ ತೆಗೆದುಕೊಳ್ಳುವುದು. ತಪ್ಪು ಬಂದರೆ ಆಕೆ ತನ್ನ ಹೊಸ್ತಿಲಾಚೆಯ ಜಾಗಕ್ಕೆ ವಾಪಸು. ಇವರು ಆಕೆಗೆ ಇದನ್ನು ಮುಚ್ಚಿಡದೆ ಹೇಳಿದರು.

“ಆಗಲ್ರಿ,” ಎಂದಳು. “ಇಪ್ಪತ್ತು ವರ್ಷ ಆತು, ಕೈಗೊಂದು ಕೆಲಸ ಅಂತ ಇಲ್ಲ. ಕಣ್ಣಿಗಾದ್ರೂ ಬಂತಲ್ಲ.”

ಸುರುಳಿಯ ತಗಡಿನ ಡಬ್ಬಿಯನ್ನು ಹೊತ್ತು ತಂದವನು ವಿಭಾಗದ ಜವಾನ ದಸ್ತಗೀರಸಾಬ. ಖೋಲಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಸಿಗಿಸಿ, ಗೌರಕ್ಕನನ್ನು ಕೆಣಕಿದ: “ಏನಬೇ ಗೌರಕ್ಕ, ಇಷ್ಟು ದಿನ ಹೆಣ್ಮಕ್ಕಳ ಕೈ ಹಿಡದಿ, ಇನ್ನ ಚುಕ್ಕಿ ಕೈ ಹಿಡ್ಯಾಕಿ ಏನು?”

“ನಿನ್ನ ಬೀಬಿ ಕೈ ಹಿಡದೇನಿ ತಮ್ಮಾ, ಚುಕ್ಕಿ ಏನು ಮಹಾ. ಆಕಿ ಮುಂಗೈಗೆ ಬಳಿ ಏರಸೂದಂದ್ರ ಗಾಣಕ್ಕ ಉಂಗರಾ ಹಾಕಿದಂಗ.”

ದಸ್ತಗೀರಸಾಬ ನಗುತ್ತ ಹೋದ. ಕಂಬಳಿ ಇಳಿಯಿತು. ಆಮೇಲೆ ಮನೆಯಲ್ಲಿ ನಾವು ಮೂವರೇ.

ನನ್ನ ಕೆಲಸ ಬರೆಯುವುದು. ಕಂಬಳಿಯ ಈಚೆ ಚಾಪೆ, ಪಕ್ಕದಲ್ಲಿ ತೊಟ್ಟಿಲು, ತೊಡೆಯ ಮೇಲೆ ನೋಟುಬುಕ್ಕು. ಆಕೆಗೆ ಕಾಣುವ ಕಾಗದ ನನಗೆ ಕಾಣದು. ಇವರು ಹೇಳಿಹೋಗಿದ್ದರು: “ಎಲ್ಲೆ ಹಲ್ಲು ಒಂದರ ಮ್ಯಾಲೊಂದು ಬಿದ್ದು ಎಣಸಾಕ ಬರಂಗಿಲ್ಲೋ, ಅಲ್ಲೆ ಅಂದಾಜ ಹೊಡೀಬ್ಯಾಡ. ‘ಹೆಚ್ಚು’ ಅಂತ ಬರದು ಮುಂದ ಹೋಗು.” ನಾನು ಬೆಂಗಳೂರಿನ ದಂಡಿನ ಕಡೆ ಕಾನ್ವೆಂಟಿನಲ್ಲಿ ಓದಿದವಳು. ಈ ಕಡೆಯ ಮಾತು ಕಿವಿಗೆ ಹತ್ತಲು ಎರಡು ವರ್ಷ ಹಿಡಿದಿತ್ತು. ಈಗ ಎಲ್ಲ ತಿಳಿಯುತ್ತದೆ ಎಂದುಕೊಂಡಿದ್ದೆ.

“ಲಾಭ,” ಎಂದಿತು ಒಳಗಿನ ದನಿ. ಕೂಸು ಅಳು ನಿಲ್ಲಿಸಿತು.

“ಏನಂದ್ರಿ ಗೌರಕ್ಕಾ?”

“ಒಂದನೇ ಗೀಟ್ರಿ, ಅಮ್ಮಾರ. ಮೊದಲನೇದಕ್ಕ ಲಾಭ ಅಂತೇವಿ, ಕಾಳು ಅಳಿಯಾವ್ರ ಗತೆ. ಒಂದು ಅಂದ್ರ ಒಂಟಿ ಆತಲ್ರಿ. ಬರಕೋರಿ, ಒಂದು ಡಜನ್, ಮ್ಯಾಲ ಎರಡು. ಗೀಟು. ಒಂದು ಡಜನ್, ಬರೇ. ಗೀಟು. ಒಂದು ಡಜನ್, ಮ್ಯಾಲ ನಾಕು.”

ಹದಿನಾಲ್ಕು, ಹನ್ನೆರಡು, ಹದಿನಾರು. ಆಕೆಯ ದನಿಯಲ್ಲಿ ಏರಿಳಿತವಿರಲಿಲ್ಲ. ಹೊರಗೆ ಮಧ್ಯಾಹ್ನದ ಬಿಸಿಲು, ರಸ್ತೆಯಲ್ಲಿ ಸೈಕಲ್ ಗಂಟೆ. ಒಳಗೆ, ಮೊಳದಷ್ಟು ದೂರದಲ್ಲಿ, ಕಾಣದ ಹೆಂಗಸೊಬ್ಬಳು ಕಾಣದ್ದನ್ನು ಎಣಿಸುತ್ತಿದ್ದಳು. ತೊಟ್ಟಿಲಿನಲ್ಲಿ ಕೂಸಿನ ಬೆರಳುಗಳು ಮಡಚಿ ಬಿಚ್ಚುತ್ತಿದ್ದವು, ಒಂದೊಂದು ಗೀಟಿಗೆ ಒಂದೊಂದು ಸಲ. ಸುಮ್ಮನೆ ಹಾಗೆ ಕಂಡಿರಬೇಕು ಎಂದು ನೋಟುಬುಕ್ಕಿಗೆ ಕಣ್ಣು ಹಾಕಿದೆ.

ಮೂರನೆಯ ದಿನ, ನೂರಾ ಹನ್ನೆರಡನೆಯ ಗೀಟಿಗೆ ಬಂದಾಗ, ದನಿ ನಿಂತಿತು. ಬಹಳ ಹೊತ್ತಲ್ಲ, ಎರಡು ಉಸಿರಿನಷ್ಟು. ಆಮೇಲೆ ಮೆಲ್ಲಗೆ:

“ಇಲ್ಲೆ ಹೆಚ್ಚೈತ್ರಿ, ಅಮ್ಮಾರ.”

“ಹೆಚ್ಚು?”

“ಹೂನ್ರಿ. ಗೀಟು. ಇನ್ನೂ ಹೆಚ್ಚೈತಿ. ಗೀಟು. ಹೆಚ್ಚೈತಿ. ಗೀಟು. ಹಾಂ, ಬಂತು. ಒಂದು ಡಜನ್, ಮ್ಯಾಲ ಲಾಭ.”

‘ಹೆಚ್ಚು, ಹೆಚ್ಚು, ಹೆಚ್ಚು, ಹದಿಮೂರು’ ಎಂದು ಬರೆದೆ. ಅಂದು ಸಂಜೆ ಸುಹಾಸಿನಿಯ ಮೈ ಸುಡುತ್ತಿತ್ತು. ಥರ್ಮಾಮೀಟರು ನೂರಾ ಒಂದು ತೋರಿಸಿತು.

ಹಲ್ಲು ಬರುವ ಜ್ವರ ಎಂದರು ಡಾಕ್ಟರು. ಎರಡು ದಿನಕ್ಕೆ ಇಳಿಯಿತು. ಮೊದಲ ಗೆರೆಯಲ್ಲಿ ಹೀಗೆ ಒಟ್ಟು ಮೂರು ಕಡೆ ಬಂತು. ಎಂಟನೆಯ ದಿನ ಎರಡನೆಯ ಗೆರೆ ಹಿಡಿದೆವು. ಅದೇ ನೂರಾ ಹನ್ನೆರಡನೆಯ ಗೀಟಿಗೆ ಬಂದಾಗ ಮತ್ತೆ ಅದೇ ಮೆಲುದನಿ: “ಇಲ್ಲೆ ಹೆಚ್ಚೈತ್ರಿ.” ಅಂದೂ ಸಂಜೆ ಕೂಸಿಗೆ ಜ್ವರ.

ನಾನು ವಿಜ್ಞಾನ ಓದಿದವಳು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನೂರು ಸಲ ಹೇಳಿಕೊಂಡೆ. ನೂರಾ ಒಂದನೆಯ ಸಲ ಹಣೆ ಮುಟ್ಟಿ ನೋಡಿದೆ. ಗೌರಕ್ಕ ಹೊರಗೆ ಬಂದವಳು ಕೆಂಪು ಬೆಳಕಿಗೆ ನೀರಾಡಿದ ಕಣ್ಣು ಒರೆಸಿಕೊಂಡು, ತನ್ನ ಮುಂಗೈಯ ಹಿಂಭಾಗವನ್ನು ಕೂಸಿನ ಕತ್ತಿಗೆ ತಾಗಿಸಿದಳು.

“ಎಷ್ಟಿರಬಹುದು?” ಎಂದೆ.

“ಎಷ್ಟಂತ ಕೈ ಹೆಂಗ ಹೇಳೀತ್ರಿ? ನೂರರ ಮ್ಯಾಲಿಲ್ಲ ಅಂತ ಹೇಳಬಹುದು, ಅಷ್ಟ.”

ಇವರು ಆಗ ತಾನೇ ಒಳಗೆ ಬಂದವರು ನಕ್ಕುಬಿಟ್ಟರು. “ಇದನ್ನ ನೋಡು, ನಾ ಆರು ತಿಂಗಳಿಂದ ಮಾಡಾಕ ಹೊಂಟಿದ್ದು. ಗೌರಕ್ಕ ಒಂದು ಕೈಯಾಗ ಮಾಡಿ ಮುಗಿಸಿದಳು.”

ನನಗೆ ನಗು ಬರಲಿಲ್ಲ. ಥರ್ಮಾಮೀಟರು ಇಟ್ಟು ನೋಡಿದೆ. ತೊಂಬತ್ತೊಂಬತ್ತೂವರೆ.

ಮರುದಿನ ಎಣಿಕೆಯ ನಡುವೆ ವಿಶ್ರಾಂತಿಗೆ ಕಂಬಳಿ ಎತ್ತಿದಾಗ ಗೌರಕ್ಕ ಖೋಲಿಯಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಬರುವ ಮನಸ್ಸಿದ್ದಂತೆ ಕಾಣಲಿಲ್ಲ. ಕೆಂಪು ಬೆಳಕಿನಲ್ಲಿ ಮುಖದ ಅರ್ಧವಷ್ಟೇ ಕಾಣುತ್ತಿತ್ತು. ಕೇಳದೆಯೇ ಹೇಳತೊಡಗಿದಳು.

“ಅಯ್ಯಾರು ಈ ಚುಕ್ಕಿ ಸುದ್ದಿ ಹೇಳಿದಾಗ ನನಗ ಹೊಸಾದು ಅನಸಲಿಲ್ರಿ. ನಮ್ಮ ಮನಿಯವರು ಹೋದದ್ದು ಮುಂಜಾನಿ ಎಂಟಕ್ಕ. ನಮ್ಮಾಗ ಹೋದವರನ್ನ ಕುಂಡ್ರಿಸತಾರಲ್ರಿ, ಹಂಗ ಕುಂಡ್ರಿಸಿ ಭಜನಿ ಹಚ್ಚಿದ್ರು. ನಾ ಬಾಜೂಕ ಕುಂತು ಸೆರಗಿನ ಕೆಳಗ ಅವರ ಕೈ ಹಿಡಕೊಂಡಿದ್ನಿ. ಬೆಚ್ಚಗಿತ್ತು. ಎಲ್ಲಾರೂ ಅಳಾಕತ್ತಿದ್ರು, ನಾ ಅಳಲಿಲ್ಲ. ಬಿಸಿ ಐತಿ ಅಂದಮ್ಯಾಲ ಯಾಕ ಅಳಬೇಕು? ಮಧ್ಯಾಹ್ನ ಬೆರಳ ತುದಿ ಬಿಟ್ಟುಕೊಟ್ವು. ಆಮ್ಯಾಲ ಅಂಗೈ. ಬಗಲಾಗ ಹೊತ್ತು ಮುಣಗೂತನ ಇತ್ರಿ.”

ನಾನು ತೊಟ್ಟಿಲ ಹಗ್ಗ ಹಿಡಿದೆ.

“ಎಷ್ಟು ಬಿಸಿ ಅಂತ ತಿಳದ್ರ, ಹೋಗಿ ಎಷ್ಟೊತ್ತಾತು ಅಂತ ತಿಳೀತೈತಿ. ಕೈ ಮಾತ್ರ ಬಿಡಬಾರದು.” ತೊಟ್ಟಿಲಿನತ್ತ ನೋಡಿದಳು. “ಕೂಸು ನನ್ನ ದನಿ ಕೇಳತೈತಿ, ಅಲ್ರಿ? ಚುಕ್ಕೀನೂ ಹಂಗ ಕೇಳತಿರಬೇಕು.”

ಆ ರಾತ್ರಿ ಇವರಿಗೆ ಹೇಳಿದೆ, ಈ ಸುರುಳಿ ಮುಗಿದ ಮೇಲೆ ಎಣಿಕೆ ನಮ್ಮ ಮನೆಯಲ್ಲಿ ಬೇಡ, ಗೌರಕ್ಕನೂ ಬೇಡ ಎಂದು. ಕಾರಣ ಕೇಳಿದರೆ ಹೇಳಲು ನನ್ನ ಹತ್ತಿರ ಕಾರಣವಿರಲಿಲ್ಲ. “ಆಕಿ ತಪ್ಪು ಎಣಿಸ್ಯಾಳೇನು?” ಎಂದರು. ಇಲ್ಲ ಎಂದೆ. “ಮತ್ತ?” ಎಂದು ಮಗ್ಗುಲಾದರು.

ಮೂರನೆಯ ಗೆರೆ. ಅದೇ ನೂರಾ ಹನ್ನೆರಡನೆಯ ಗೀಟು. ಈ ಸಲ ದನಿ ಬರುವ ಮೊದಲೇ ನಾನು ‘ಹೆಚ್ಚು’ ಎಂದು ಬರೆದು ಕಾಯುತ್ತಿದ್ದೆ. ಬಂತು. ಮೂರನೆಯ ಸಲ ಕೂಸಿಗೆ ಜ್ವರವೂ ಬಂತು.

ಸುರುಳಿ ಮುಗಿದ ದಿನ ಇವರು ನೋಟುಬುಕ್ಕನ್ನು ತಿರುವಿ ಹಾಕುತ್ತ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಬೇರೆಲ್ಲ ಕಡೆ ಎಣಿಕೆ ಹನ್ನೆರಡು ಹದಿನಾಲ್ಕರ ಸುತ್ತ, ಬರಿ ಆಕಾಶದ ಎಣಿಕೆ. ಅದಷ್ಟೇ ಇದ್ದಿದ್ದರೆ ತಾರೆಯ ಮೈ ಒಂದು ಕೋಟಿ ಡಿಗ್ರಿಗಿಂತ ಕೆಳಗೆ ಎಂದು ಹೇಳಿ ಮುಗಿಸಬೇಕಿತ್ತು. ಆದರೆ ಈ ಮೂರು ಜಾಗ! ಮೂರು ಉಪಕರಣಗಳೂ ಒಂದೇ ಹೊತ್ತಿಗೆ ಎಣಿಸಲಾಗದಷ್ಟು ಕಂಡಿವೆ. “ಒಂದು ಕಣ್ಣು ತಪ್ಪೀತು, ಮೂರೂ ಹೆಂಗ ತಪ್ಪತಾವ? ತಣ್ಣಗಾಗಬೇಕಾದ್ದು ನಡುನಡುವ ಕಾಯಾಕತ್ತೈತಿ.” ನಾನು ಎದ್ದು ಹೋಗಿ ಕೂಸಿನ ಹಣೆ ಮುಟ್ಟಿ ನೋಡಿದೆ. ಸತ್ತು ಮುನ್ನೂರ ಅರವತ್ತಮೂರು ವರ್ಷವಾದದ್ದು ಮತ್ತೆ ಮೈ ಬಿಸಿ ಮಾಡಿಕೊಳ್ಳುತ್ತಿದೆ. ಅದನ್ನು ನನ್ನ ಮಗುವಿನ ತೊಟ್ಟಿಲ ಪಕ್ಕ ಕೂತು ನಾನೇ ಬರೆದಿದ್ದೇನೆ.

ಕಾಗದವನ್ನು ಇನ್ನೊಮ್ಮೆ ನೋಡೋಣವೆಂದರೆ ಅದು ಅಷ್ಟರಲ್ಲಿ ಮೊದಲಿಂದ ಕೊನೆಯವರೆಗೆ ಕಾಡಿಗೆಯಂತಾಗಿತ್ತು. ಇವರು ಪ್ರಬಂಧ ಟೈಪು ಮಾಡಿಸಿಕೊಂಡು ಮುಂಬಯಿಗೆ ಹೊರಟರು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ದೊಡ್ಡವರ ಸಭೆಯಲ್ಲಿ ಓದುವುದಿತ್ತು.

ಗುರುವಾರ ಮಧ್ಯಾಹ್ನ ಗೌರಕ್ಕ ಬಂದಳು. ಒಳಗೆ ಕರೆಯಲು ಮನಸ್ಸಿರಲಿಲ್ಲ, ಆದರೆ ಬಿಸಿಲು. ಹೊಸ್ತಿಲ ಹತ್ತಿರವೇ ಕೂತಳು.

“ನಾಳೆ ಅಯ್ಯಾರು ಓದತಾರಲ್ರಿ. ಓದಿದ ಮ್ಯಾಲ ನನ್ನ ಕೆಲಸದ ಮಾತು ಹೇಳತಾರೇನ್ರಿ?”

“ಹೇಳ್ತಾರೆ,” ಎಂದೆ.

ಸುಹಾಸಿನಿ ಅಂಬೆಗಾಲಿಡುತ್ತ ಹೋಗಿ ಆಕೆಯ ಬರಿದಾದ ಮುಂಗೈ ಹಿಡಿದುಕೊಂಡಳು. ಎತ್ತಿಕೊಳ್ಳಲು ಧಾವಿಸಿ, ಹಾಗೆ ಮಾಡಿದರೆ ಚೆನ್ನಾಗಿರದು ಎಂದು ನಿಂತು, ಏನಾದರೂ ಆಡಬೇಕಲ್ಲ ಎಂದು ಕೇಳಿದೆ: “ನಿಮ್ಮ ಯಜಮಾನರು ಹೋಗಿ ಎಷ್ಟು ವರ್ಷ ಆಯ್ತು?”

“ನನ್ನ ಬಳಿ ಹೆಚ್ಚಿ, ಈ ಚೈತ್ರಕ್ಕ ಇಪ್ಪತ್ತಾತ್ರಿ.”

ನಾನು ಆಕೆಯ ಮುಂಗೈ ನೋಡಿದೆ. ಅಲ್ಲಿ ಒಂದು ಬಳೆಯೂ ಇರಲಿಲ್ಲ.

“ಹೆಚ್ಚಿ ಅಂದರೆ?”

“ಹೆಚ್ಚಿ ಅಂದ್ರ,” ಆಕೆ ನನ್ನ ಮುಖ ನೋಡಿದಳು, ಚಿಕ್ಕ ಮಗುವಿಗೆ ಹೇಳುವಂತೆ ದನಿ ತಗ್ಗಿಸಿದಳು. “ಮುತ್ತೈದಿ ಮನ್ಯಾಗ, ಕೂಸಿದ್ದ ಮನ್ಯಾಗ, ಆ ಇನ್ನೊಂದು ಮಾತು ಆಡಬಾರದ್ರಿ. ಬಳಿ ಹೋದ್ರ ಹೆಚ್ಚಿದ್ವು ಅಂತೇವಿ. ಡಬ್ಬ್ಯಾಗ ಅಕ್ಕಿ ತೀರಿದ್ರ ಹೆಚ್ಯಾವ ಅಂತೇವಿ. ದೀಪ ಹೋದ್ರೂ ಹಂಗ. ಹೆಚ್ಚೈತಿ. ನಿಮ್ಮ ಕಡೆ ಏನಂತೀರಿ?”

ನಮ್ಮ ಕಡೆ, ಒಡೆಯಿತು ಎನ್ನುತ್ತೇವೆ. ಮುಗಿಯಿತು ಎನ್ನುತ್ತೇವೆ. ಆರಿತು ಎನ್ನುತ್ತೇವೆ.

“ಗೌರಕ್ಕಾ, ಕಾಗದದಲ್ಲಿ ಮೂರು ಕಡೆ ಹೆಚ್ಚೈತಿ ಅಂದ್ರಲ್ಲ...”

“ಹೂನ್ರಿ, ಅಲ್ಲಿ ಗೆರಿ ಬರಿಯೂ ದೀಪ ಹೆಚ್ಚಿತ್ತಲ್ರಿ. ಗೀಟು ಅಷ್ಟ ಇದ್ವು, ಗೆರಿ ಸುಳಿವಿಲ್ಲ. ಬೆಳ್ಳಗ ಬರೇ ಕಾಗದ. ಆಮ್ಯಾಲ ಮತ್ತ ಬಂತು ಅಂತನೂ ಹೇಳಿದ್ನೆಲ್ರಿ.” ಆಕೆ ಕೂಸಿನ ತಲೆ ಸವರಿದಳು. “ತೊಟ್ಟಿಲಾಗ ಇಕಿ ಇದ್ಲು. ಅದಕ್ಕ ಆ ಮಾತು ಆಡಲಿಲ್ಲ.”

ನನ್ನ ಮಗುವಿಗೆ ಕೆಡುಕಾಗದಿರಲಿ ಎಂದು ಆಕೆ ನುಂಗಿದ ಮಾತು ಅದು. ನಾನು ಅದನ್ನೇ ಹಿಡಿದು ಆಕೆಗೆ ಹೆದರಿ ಕೂತಿದ್ದೆ.

ನಂಬಲು ಆಗಲಿಲ್ಲ, ನಂಬದಿರಲೂ ಆಗಲಿಲ್ಲ. ಇವರ ಬಳಿ ನೋಟುಬುಕ್ಕಿನ ಪ್ರತಿಯಿತ್ತು, ಮೂಲ ಮನೆಯಲ್ಲಿತ್ತು. ತಂದೆ. ತಗಡಿನ ಡಬ್ಬಿಯನ್ನೂ ತಂದೆ. “ಮೊದಲ ಗೆರೆ, ನೂರನೆಯ ಗೀಟಿನಿಂದ ಹೇಳ್ತೀರಾ?” ಎಂದೆ.

ಗೌರಕ್ಕ ಕಪ್ಪು ಸುರುಳಿಯನ್ನು ತೊಡೆಯ ಮೇಲೆ ಬಿಚ್ಚಿದಳು. ಪಡಸಾಲೆಯ ಬೆಳಕಿನಲ್ಲಿ ಅದು ಬರಿ ಕಪ್ಪು. ಗೀಟಿಲ್ಲ, ಗೆರೆಯಿಲ್ಲ. ಆಕೆ ಅದರ ಮೇಲೆ ಬೆರಳಿಟ್ಟು, ಮಾರು ಮಾರಾಗಿ ಸರಿಸಿ, ಒಂದು ಕಡೆ ನಿಂತಳು. ಕಣ್ಣು ಕಾಗದದ ಮೇಲಿರಲಿಲ್ಲ, ಎದುರಿನ ಗೋಡೆಯ ಮೇಲಿತ್ತು.

“ಒಂದು ಡಜನ್, ಬರೇ. ಗೀಟು. ಒಂದು ಡಜನ್, ಮ್ಯಾಲ ಮೂರು. ಗೀಟು. ಲಾಭ ಕಡಿಮಿ ಡಜನ್. ಗೀಟು.”

ನಾನು ನೋಟುಬುಕ್ಕಿನ ಮೇಲೆ ಬೆರಳು ಸರಿಸುತ್ತ ಹೋದೆ. ಹನ್ನೆರಡು. ಹದಿನೈದು. ಹನ್ನೊಂದು. ಒಂದೂ ತಪ್ಪಲಿಲ್ಲ. ಕೂಸು ಆಕೆಯ ಮಡಿಲಿಗೆ ಆತುಕೊಂಡು ಅಲುಗಾಡದೆ ಕೇಳುತ್ತಿತ್ತು. ಓಣಿಯಲ್ಲಿ ಸದ್ದೇ ಇರಲಿಲ್ಲ. ನೂರಾ ಹನ್ನೆರಡಕ್ಕೆ ಬಂದಾಗ ಆಕೆಯ ಬೆರಳು ಕಪ್ಪಿನ ಮೇಲೆ ನಿಂತಿತು.

“ಇಲ್ಲೆ ದೀಪ ಹೆಚ್ಚೈತ್ರಿ,” ಎಂದಳು.

ಗೋಡೆಯಲ್ಲಿ ಆಕೆಗೆ ಏನು ಕಾಣುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ.

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಇವರು ನಾಳೆ ಹತ್ತಕ್ಕೆ ಎದ್ದು ನಿಂತು ಇಲ್ಲದ ಕಾವನ್ನು ಇದೆ ಎಂದು ಓದುತ್ತಾರೆ. ಯಾವತ್ತೋ ಒಂದು ದಿನ ಸುಳ್ಳು ಎಂದು ಗೊತ್ತಾದಾಗ ಎಲ್ಲರೂ ಬೆರಳು ತೋರಿಸುವುದು ಬಳೆಗಾರ ಹೆಂಗಸಿನ ಕಡೆಗೆ. ಆಕೆ ನಮ್ಮ ಮನೆ ಬಿಡಬೇಕು ಎಂದು ನಾನೇ ಬಯಸಿದ್ದೆ. ಕೈಯೆತ್ತದೆ ಅದು ಆಗಿಹೋಗುತ್ತಿತ್ತು.

“ನಡೀರಿ,” ಎಂದೆ. “ಟಾಂಗಾ ಕರೀರಿ. ತಾರಿನ ಕಚೇರಿಗೆ ಹೋಗಬೇಕು.”

ದಾರಿಯಲ್ಲಿ ಏನಾಗಿದೆ ಎಂದು ಹೇಳಿದೆ. ಗೌರಕ್ಕ ಕುದುರೆಯ ಬೆನ್ನಿನತ್ತ ಮುಖ ತಿರುಗಿಸಿದಳು. “ಹಂಗಾರ ಅಯ್ಯಾರ ಮಾನಾ ನನ್ನಿಂದ ಹೊಕ್ಕೈತೇನ್ರಿ?” ಎಂದಳು. ಕೆಲಸದ ಮಾತು ಎತ್ತಲಿಲ್ಲ.

ಟ್ರಂಕ್ ಕಾಲ್ ಬರೆದುಕೊಳ್ಳುವ ಗುಮಾಸ್ತರು ಕನ್ನಡಕ ಏರಿಸಿದರು. “ಮುಂಬಯಿಗೆ? ಅರ್ಜೆಂಟೋ ಲೈಟ್ನಿಂಗೋ?”

“ಬೇಗ ಸಿಗೋದು ಯಾವುದು?”

“ಲೈಟ್ನಿಂಗ್. ಅಂದ್ರೂ ತಾಸು ಹಿಡೀತೈತ್ರಿ ಬಾಯಾರ. ಹೆಸರಿಗಷ್ಟ ಮಿಂಚು. ಕುಂಡರ್ರಿ.”

ಒಂದೂಕಾಲು ತಾಸು ಕೂತೆವು. ನಾನು ಹನ್ನೆರಡು ಸಲ ಎದ್ದೆ. ಇವರು ಉಳಿದುಕೊಂಡ ಅತಿಥಿಗೃಹದಲ್ಲಿ ಇರುತ್ತಾರೋ ಇಲ್ಲವೋ, ಇದ್ದರೂ ಏನನ್ನುತ್ತಾರೋ. ಗುಮಾಸ್ತರು ಕೂಗಿದರು. ಕೂಸನ್ನು ಗೌರಕ್ಕನ ಕೈಗೆ ಕೊಟ್ಟೆ. ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋದಳು. ನಾನು ಆಡಲಿರುವ ಮಾತು ಅದರ ಕಿವಿಗೆ ಬೀಳಬಾರದಲ್ಲ.

“ಏನಾತು? ಕೂಸಿಗೆ ಆರಾಮ ಐತಿಲ್ಲೋ?” ಇವರ ದನಿ ಸಮುದ್ರದ ಆಚೆಯಿಂದ ಬಂದಂತಿತ್ತು, ನಡುವೆ ಕರಕರ ಸದ್ದು.

“ಕೂಸು ಚೆನ್ನಾಗಿದೆ. ರೀ, ಕೇಳಿ. ಆ ಮೂರು ಕಡೆ... ದೀಪ ಹೆಚ್ಚಿತ್ತು.”

“ಏನು? ಹೆಚ್ಚಿತ್ತು, ಹೌದು. ಹಂಗಂತನ ಬರದೇನಲ್ಲ.”

ನನ್ನ ಬಾಯಿಗೂ ಆ ಇನ್ನೊಂದು ಮಾತು ಬರುತ್ತಿರಲಿಲ್ಲ. ಗಾಜಿನಾಚೆ ಗೌರಕ್ಕನ ತುಟಿ ಅಲುಗುತ್ತಿತ್ತು, ಎಲೆ ಎಣಿಸುತ್ತಿದ್ದಿರಬೇಕು. ಕೂಸು ಆ ತುಟಿಯನ್ನೇ ನೋಡುತ್ತಿತ್ತು.

“ಆರಿತ್ತು,” ಎಂದೆ. “ಗೆರೆ ಬರೆಯುವ ದೀಪ ಆರಿತ್ತು. ಅಲ್ಲಿ ಗೆರೆಯೇ ಇಲ್ಲ. ಗೌರಕ್ಕ ಅದನ್ನ ಹೆಚ್ಚೈತಿ ಅಂದರು, ಬಳೆ ಹೆಚ್ಚೋ ಹಾಗೆ. ನಾನು ಹೆಚ್ಚು ಅಂತ ಬರೆದೆ.”

ಕರಕರ ಸದ್ದು ಮಾತ್ರ. ಲೈನು ಹೋಯಿತೇನೋ ಎಂದುಕೊಂಡೆ.

“ಬಳಿ ಹೆಚ್ಚೂ ಹಂಗ,” ಎಂದರು ಕೊನೆಗೆ, ತಮಗೆ ತಾವೇ. “ನಮ್ಮವ್ವನೂ ಹಂಗ ಅಂತಿದ್ಲು.” ಕಾಗದ ತಿರುವಿದ ಸದ್ದು ಕೇಳಿಸಿತು. “ಅಂದ್ರ ಏನೂ ಕಂಡಿಲ್ಲ. ಒಂದು ಕೋಟಿಗಿಂತ ಕೆಳಗ. ಅಷ್ಟ.”

“ಅಷ್ಟೇ.”

“ನಾಳೆ ನಿಂತು ಇದನ್ನ ಹೇಳಬೇಕಾಗತೈತಿ. ಯಾರ ತಪ್ಪು ಅಂತ ಕೇಳತಾರ. ಇಲ್ಲೀ ಮಂದಿಗೆ ಮೊದಲ ಗೊತ್ತೈತಿ, ಎಣಿಸಿದಾಕಿ ಯಾರು ಅಂತ.”

“ಎಣಿಸಿದ್ದರಲ್ಲಿ ಒಂದೂ ತಪ್ಪಿಲ್ಲ. ಕಪ್ಪಾದ ಕಾಗದದ ಮೇಲೆ ಇವತ್ತು ಮತ್ತೆ ಹೇಳಿಸಿ ನೋಡಿದೀನಿ. ಕೇಳಿಸಿಕೊಂಡವಳು ನಾನು, ಬರೆದವಳು ನಾನು. ನನ್ನ ಹೆಸರು ಹೇಳಿ.”

“ನಿನ್ನ ಹೆಸರು?”

ನಡುವೆ ಆಪರೇಟರ್ ಹುಡುಗಿಯ ದನಿ ಬಂತು, ಮೂರು ನಿಮಿಷವಾಯಿತು, ಮುಂದುವರಿಸುತ್ತೀರಾ ಎಂದು.

“ಮುಂದುವರಿಸಿ,” ಎಂದೆ ಆಕೆಗೆ. ಇವರಿಗೆ ಹೇಳಿದೆ: “ಬರೆದುಕೊಳ್ಳಿ. ಎಣಿಕೆ ಗೌರಕ್ಕ ಬಳಿಗಾರ, ಹುಬ್ಬಳ್ಳಿ. ಅದನ್ನ ಮೊದಲು ಹೇಳಿ. ನನ್ನದು ಆಮೇಲೆ.”